‘ಹೂಂ’ ಎಂಬ ಮಾತಿನ ಹೊಣೆ

ಕನ್ನಡವಾಡುವ ಮನೆಗಳಲ್ಲಿ ದಿನವೊಂದಕ್ಕೆ ಅತಿ ಹೆಚ್ಚು ಬಾರಿ ಕೇಳಿಬರುವ ಮಾತು ಯಾವುದೆಂದು ಎಣಿಸಲು ಹೊರಟರೆ, ಅದು ಬಹುಶಃ ‘ಹೂಂ’ ಎಂಬ ಒಂದಕ್ಷರವೇ ಆಗಿರುತ್ತದೆ. ಅಜ್ಜಿ ಕಥೆ ಹೇಳುವಾಗ ಮಗು ಹೂಂಗುಟ್ಟುತ್ತದೆ. ತಂದೆ ಕೆಲಸ ಒಪ್ಪಿಸಿದಾಗ ಮಗ ಹೂಂ ಎನ್ನುತ್ತಾನೆ. ಈ ಒಂದಕ್ಷರಕ್ಕೆ ನಾಲ್ಕು ಅರ್ಥಗಳಿವೆ. ‘ನಿಮ್ಮ ದನಿ ಕಿವಿಗೆ ಬಿತ್ತು’ ಎಂಬುದು ಮೊದಲನೆಯದು. ‘ಅರ್ಥವಾಯಿತು’ ಎಂಬುದು ಎರಡನೆಯದು. ‘ಒಪ್ಪಿದೆ’ ಎಂಬುದು ಮೂರನೆಯದು. ‘ಮಾಡುತ್ತೇನೆ’ ಎಂಬುದು ನಾಲ್ಕನೆಯದು. ಯಾವ ಅರ್ಥದಲ್ಲಿ ಹೂಂ ಎಂದರೆಂಬುದನ್ನು ಕೇಳಿದವರು ಊಹಿಸಿಕೊಳ್ಳಬೇಕು. ಊಹೆ ತಪ್ಪಿದರೆ ಮನೆಯಲ್ಲಿ ಒಂದಿಷ್ಟು ಮಾತುಕತೆ ನಡೆದು ಮುಗಿದುಹೋಗುತ್ತದೆ. ಆದರೆ ಈ ಊಹೆಯ ಮೇಲೆ ನೂರಾರು ಜೀವಗಳು ನಿಂತಿರುವ ಒಂದು ಸ್ಥಳವಿದೆ. ಅದು ಆಕಾಶ. ವಿಮಾನ ನಡೆಸುವವರೂ ನೆಲದಲ್ಲಿ ಕುಳಿತು ಅವರಿಗೆ ದಾರಿ ತೋರುವ ನಿಯಂತ್ರಕರೂ ರೇಡಿಯೊ ಮೂಲಕ ನಡೆಸುವ ಸಂಭಾಷಣೆಯನ್ನು ಮುಂದಿಟ್ಟುಕೊಂಡು ಒಂದು ನೈತಿಕ ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಮಾತು ಪೂರ್ಣವಾಗುವುದು ಆಡಿದಾಗಲೇ, ಅಥವಾ ತಲುಪಿದಾಗಲೇ? ತಲುಪದೆ ಹೋದರೆ ಆ ಹೊಣೆ ಯಾರದು?

ಕನ್ನಡಿಗರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. 2010ರ ಮೇ 22ರಂದು ಬೆಳಗಿನ ಆರು ಗಂಟೆಯ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯಿತು. ಇಳಿದರೂ ನಿಲ್ಲಲಾಗದೆ ರನ್‌ವೇ ಮೀರಿ ಕಮರಿಗೆ ಬಿದ್ದು ಹೊತ್ತಿ ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು, ಎಂಟು ಮಂದಿ ಮಾತ್ರ ಬದುಕಿ ಉಳಿದರು. ಮರಳುಗಾಡಿನ ನಾಡಿನಲ್ಲಿ ದುಡಿದು ರಜೆಯಲ್ಲಿ ಮನೆಗೆ ಬರುತ್ತಿದ್ದವರು, ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ ತಾಯಂದಿರು ಅದರಲ್ಲಿದ್ದರು. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯವು ವಿಮಾನದಲ್ಲಿ ದಾಖಲಾಗಿದ್ದ ಧ್ವನಿಯನ್ನು ಕೇಳಿ, ನಡೆದುದನ್ನು ಕ್ಷಣಕ್ಷಣವಾಗಿ ಬಿಡಿಸಿಟ್ಟಿತು.

ಆ ವಿಮಾನವು ಇಳಿಯಬೇಕಾದ ಹಾದಿಗಿಂತ ಬಹಳ ಎತ್ತರದಲ್ಲಿತ್ತು. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಲಸ ಮಾಡದಿದ್ದ ಕಾರಣ ಕೆಳಗಿಳಿಯುವ ಅನುಮತಿ ಎಂದಿಗಿಂತ ತಡವಾಗಿ ದೊರೆತದ್ದೂ ಇದಕ್ಕೊಂದು ಕಾರಣ. ಹಾರಾಟದ ಬಹುಭಾಗ ನಿದ್ರಿಸಿದ್ದ ಮುಖ್ಯ ಪೈಲಟ್ ಎಚ್ಚೆತ್ತು ಹೆಚ್ಚು ಹೊತ್ತಾಗಿರಲಿಲ್ಲ. ಎತ್ತರ ಹೆಚ್ಚಾಗಿದೆಯೆಂಬುದು ಪಕ್ಕದಲ್ಲಿದ್ದ ಸಹಪೈಲಟ್‌ಗೆ ತಿಳಿದಿತ್ತು. ಆಗ ಕೆಳಗಿನ ಗೋಪುರದಿಂದ ಒಂದು ಪ್ರಶ್ನೆ ಬಂತು: ಇಳಿಯುವ ಹಾದಿಯಲ್ಲಿ ನೆಲೆಗೊಂಡಿದ್ದೀರಾ? ಹೌದೆಂದು ಹೇಳುವಂತೆ ಮುಖ್ಯ ಪೈಲಟ್ ಒತ್ತಾಯಿಸಿದರು. ಸಹಪೈಲಟ್ ಹೌದೆಂದರು. ಹೌದೆಂಬ ಉತ್ತರವನ್ನು ನಂಬಿ ಗೋಪುರವು ಇಳಿಯಲು ಅನುಮತಿ ನೀಡಿತು. ಇಳಿಯುವುದನ್ನು ಕೈಬಿಟ್ಟು ಮತ್ತೊಂದು ಸುತ್ತು ಹೋಗೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದರು. ವಿಮಾನದ ಯಂತ್ರವೂ ತನ್ನ ಎಚ್ಚರಿಕೆಯನ್ನು ಕೂಗಿತು. ಆ ಮಾತುಗಳೆಲ್ಲವೂ ಮುಖ್ಯ ಪೈಲಟ್‌ನ ಕಿವಿಗೆ ಬಿದ್ದವು. ಮನಸ್ಸಿಗೆ ಮಾತ್ರ ಇಳಿಯಲಿಲ್ಲ. ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಐದು ಸಾವಿರದ ಇನ್ನೂರು ಅಡಿ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ ಆ ನಿಲ್ದಾಣದಲ್ಲಿ ಅದರಾಚೆ ನೆಲವಿರಲಿಲ್ಲ.

ಇಲ್ಲಿ ರೇಡಿಯೊ ಸರಿಯಾಗಿತ್ತು, ಭಾಷೆ ಸರಿಯಾಗಿತ್ತು, ಪ್ರಶ್ನೆಯೂ ಸರಿಯಾದ ಸಮಯಕ್ಕೆ ಬಂದಿತ್ತು. ಆದರೂ ಮಾತು ಕೆಟ್ಟಿತು. ಮಾತು ಕೆಡುವ ಬಗೆಗಳು ಹಲವಿವೆ. ಅವುಗಳನ್ನು ಬೇರ್ಪಡಿಸಿ ನೋಡಿದಲ್ಲದೆ ಹೊಣೆಯ ಪ್ರಶ್ನೆಗೆ ಉತ್ತರ ಸಿಗಲಾರದು.

ಆಕಾಶದ ಸಂಭಾಷಣೆಯ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಒಂದು ಅಲೆಯ ಮೇಲೆ ಹಲವು ವಿಮಾನಗಳು ಮಾತನಾಡುತ್ತಿರುತ್ತವೆ. ಆದರೆ ಒಂದು ಸಲಕ್ಕೆ ಒಬ್ಬರು ಮಾತ್ರ ಮಾತನಾಡಬಹುದು. ಇಬ್ಬರು ಒಟ್ಟಿಗೆ ಗುಂಡಿಯನ್ನೊತ್ತಿದರೆ ಇಬ್ಬರ ಮಾತೂ ಕೆಟ್ಟು, ಕೇಳುವವರಿಗೆ ಕೀರಲು ಶಬ್ದವೊಂದೇ ಸಿಗುತ್ತದೆ. ಆದ್ದರಿಂದ ಇಲ್ಲಿ ಹೂಂ ಎಂಬುದರ ನಾಲ್ಕು ಅರ್ಥಗಳನ್ನು ಬೇರೆ ಬೇರೆ ಪದಗಳಿಗೆ ಹಂಚಿಕೊಟ್ಟಿದ್ದಾರೆ. ‘ರೋಜರ್’ ಎಂದರೆ ನೀವು ಹೇಳಿದ್ದೆಲ್ಲ ನನಗೆ ಕೇಳಿಸಿತು ಎಂದಷ್ಟೇ ಅರ್ಥ, ಒಪ್ಪಿಗೆಯಲ್ಲ. ‘ವಿಲ್ಕೊ’ ಎಂದರೆ ಅರ್ಥವಾಯಿತು, ಹಾಗೆಯೇ ಮಾಡುತ್ತೇನೆ ಎಂದು. ‘ಅಫರ್ಮ್’ ಎಂದರೆ ಹೌದು. ಕೇಳಿಸದಿದ್ದರೆ ‘ಸೇ ಅಗೇನ್’ ಎನ್ನಬೇಕು. ಎಲ್ಲಕ್ಕಿಂತ ಮುಖ್ಯವಾದುದು ಮರುನುಡಿಯ ನಿಯಮ. ಎತ್ತರ, ರನ್‌ವೇ, ಏರುವ ಅಥವಾ ಇಳಿಯುವ ಅನುಮತಿ ಇವುಗಳನ್ನು ನಿಯಂತ್ರಕರು ಹೇಳಿದೊಡನೆ ಪೈಲಟ್ ಅದನ್ನೇ ಮರಳಿ ನುಡಿಯಬೇಕು. ನುಡಿದದ್ದು ಸರಿಯಿದೆಯೇ ಎಂದು ನಿಯಂತ್ರಕರು ಕಿವಿಗೊಟ್ಟು ಕೇಳಬೇಕು. ಅಂದರೆ ಮಾತು ಹೋಗಿ, ತಿರುಗಿ ಬಂದು, ಹೊರಟ ಜಾಗವನ್ನು ಸೇರಿದ ಮೇಲೆಯೇ ಅದು ಪೂರ್ಣ.

ಈ ನಿಯಮಗಳಲ್ಲಿ ಹಲವು ಸಾವಿನ ನೆನಪನ್ನು ಹೊತ್ತಿವೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫೆ ದ್ವೀಪದಲ್ಲಿ, ಮಂಜು ಮುಸುಕಿದ ರನ್‌ವೇಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಡಚ್ ವಿಮಾನದವರು ತಾವು ಈಗ ಹೊರಡುವಲ್ಲಿದ್ದೇವೆಂಬ ಅರ್ಥದ ಮಾತನ್ನಾಡಿದರು. ಹೊರಡುವ ಜಾಗದಲ್ಲಿ ನಿಂತಿದ್ದಾರೆಂದು ತಿಳಿದ ನಿಯಂತ್ರಕರು ‘ಓಕೆ’ ಎಂದು, ಕಾಯಿರಿ, ನಾನೇ ಕರೆಯುತ್ತೇನೆ ಎಂದು ಮುಂದುವರಿಸಿದರು. ಅದೇ ಗಳಿಗೆಯಲ್ಲಿ ಅಮೆರಿಕದ ವಿಮಾನದವರು ತಾವಿನ್ನೂ ರನ್‌ವೇಯ ಮೇಲಿದ್ದೇವೆಂದು ಹೇಳತೊಡಗಿದರು. ಎರಡು ಮಾತುಗಳು ಒಂದರ ಮೇಲೊಂದು ಬಿದ್ದು ಕೀರಲಾದವು. ಡಚ್ ಪೈಲಟ್‌ಗೆ ಸ್ಪಷ್ಟವಾಗಿ ಕೇಳಿದ್ದು ‘ಓಕೆ’ ಎಂಬುದೊಂದೇ. ಅದು ನಮ್ಮ ಹೂಂ ಅಲ್ಲದೆ ಮತ್ತೇನು? ಆ ದುರಂತದ ಬಳಿಕ, ಹೊರಡುವುದಕ್ಕೆ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಪಡಿಸುವಾಗ ಹೊರತು ‘ಟೇಕಾಫ್’ ಎಂಬ ಪದವನ್ನು ರೇಡಿಯೊದಲ್ಲಿ ಬಳಸಬಾರದೆಂಬ ಪದ್ಧತಿ ನೆಲೆಗೊಂಡಿತು.

ಮರುನುಡಿ ಇದ್ದರೂ ಸಾಲದು, ಅದನ್ನು ಕೇಳುವವರಿರಬೇಕು. 1989ರ ಫೆಬ್ರವರಿ 19ರಂದು ಕೌಲಾಲಂಪುರದ ಬಳಿ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನಕ್ಕೆ 2400 ಅಡಿಗೆ ಇಳಿಯುವಂತೆ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಲಾಯಿತು. ಇಂಗ್ಲಿಷಿನಲ್ಲಿ ‘ಟು’ ಎಂದರೆ ಎರಡು ಎಂಬ ಸಂಖ್ಯೆಯೂ ಹೌದು, ‘ಅಲ್ಲಿಗೆ’ ಎಂಬ ಅರ್ಥದ ಪ್ರತ್ಯಯವೂ ಹೌದು. ವಿಮಾನದವರಿಗೆ ಅದು ‘400ಕ್ಕೆ’ ಎಂದು ಕೇಳಿಸಿತು. ಅವರು ನಾಲ್ಕು, ಸೊನ್ನೆ, ಸೊನ್ನೆ ಎಂದೇ ಮರುನುಡಿದರು. ಅದನ್ನು ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ತಪ್ಪು ಕೇಳಿದವರು ತಾವು ಕೇಳಿದ್ದನ್ನು ಪ್ರಾಮಾಣಿಕವಾಗಿ ಒಪ್ಪಿಸಿದ್ದರು. ಅಲ್ಲಿಗೆ ಹೊಣೆ ಮೊದಲು ಹೇಳಿದವರ ಬಳಿಗೆ ಮರಳಿತ್ತು; ಅವರು ಅದನ್ನು ಎತ್ತಿಕೊಳ್ಳಲಿಲ್ಲ.

ಮೂರನೆಯದು ಭಾಷೆಯ ತೊಡಕು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲಿನ ಆಕಾಶದಲ್ಲಿ, ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14 ಸಾವಿರ ಅಡಿಯನ್ನೂ, ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15 ಸಾವಿರ ಅಡಿಯನ್ನೂ ಗೊತ್ತುಪಡಿಸಲಾಗಿತ್ತು. ಎದುರಿನಿಂದ ಇನ್ನೊಂದು ವಿಮಾನ ಬರುತ್ತಿದೆಯೆಂದು ನಿಯಂತ್ರಕರು ಕಜಕ್ ವಿಮಾನಕ್ಕೆ ತಿಳಿಸಿಯೂ ಇದ್ದರು. ಆದರೂ ಅದು ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗಿಳಿಯಿತು. 349 ಮಂದಿ ಸತ್ತರು, ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಆರ್. ಸಿ. ಲಾಹೋಟಿಯವರ ತನಿಖೆಯು ಆ ಸಿಬ್ಬಂದಿಯ ಇಂಗ್ಲಿಷ್ ಜ್ಞಾನದ ಕೊರತೆಯನ್ನು ಗುರುತಿಸಿತು. ಅಲ್ಲಿ ರೇಡಿಯೊದಲ್ಲಿ ಮಾತನಾಡುವವರು ಒಬ್ಬರು, ವಿಮಾನ ನಡೆಸುವವರು ಇನ್ನೊಬ್ಬರು. ಒಬ್ಬರ ಕಿವಿಗೆ ಬಿದ್ದುದು ಮತ್ತೊಬ್ಬರ ಕೈಗೆ ತಲುಪಬೇಕಾಗಿತ್ತು.

ಕಂಬಂ ಕಣಿವೆಯ ಕನ್ನಡಿಗರಾದ ನಮಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿಯೂ ಶಾಲೆಯಲ್ಲಿಯೂ ತಮಿಳು, ಕಾಗದಪತ್ರಗಳಲ್ಲಿ ಇಂಗ್ಲಿಷ್ ಎಂದು ಮೂರು ದಡಗಳ ನಡುವೆ ಬಾಳುವವರು ನಾವು. ನಾವು ‘ಮಾಡು’ ಎಂದರೆ ಕೆಲಸದ ಆಜ್ಞೆ. ನೆರೆಮನೆಯ ತಮಿಳರ ಕಿವಿಗೆ ಅದೇ ಶಬ್ದ ದನ. ಹೀಗಿದ್ದೂ ನಾವು ತಲೆಮಾರುಗಳಿಂದ ಒಟ್ಟಿಗೆ ಬಾಳಿದ್ದೇವೆ. ಏಕೆಂದರೆ ತಿಳಿಯದಾಗ ಏನೆಂದಿರಿ ಎಂದು ಮತ್ತೊಮ್ಮೆ ಕೇಳುವ ಸಂಕೋಚ ನಮ್ಮ ಹಿರಿಯರಿಗಿರಲಿಲ್ಲ. ಭಾಷೆ ಬಾರದಿರುವುದು ದೋಷವಲ್ಲ. ಬಾರದುದನ್ನು ಬಂದಂತೆ ತೋರಿಸುವುದು ದೋಷ. ಪರಭಾಷೆಯಲ್ಲಿ ನೀಡಿದ ಹೂಂ ಎಷ್ಟೋ ಬಾರಿ ಅರ್ಥವಾದುದರ ಗುರುತಾಗಿರದೆ ಮಾನ ಉಳಿಸಿಕೊಳ್ಳುವ ಉಪಾಯವಾಗಿರುತ್ತದೆ.

ಇಲ್ಲಿಯವರೆಗೆ ಕಂಡ ಮೂರು ಘಟನೆಗಳಲ್ಲಿಯೂ ಮಾತು ದಾರಿಯಲ್ಲಿ ಕೆಟ್ಟಿತು: ಶಬ್ದದಿಂದ, ಸಂಖ್ಯೆಯಿಂದ, ಭಾಷೆಯಿಂದ. ಮಂಗಳೂರಿನಲ್ಲಾದದ್ದು ಬೇರೆ. ಅಲ್ಲಿ ಮಾತು ಹೊರಡುವಾಗಲೇ ಕೆಟ್ಟಿತ್ತು. ನೆಲೆಗೊಂಡಿಲ್ಲವೆಂದು ತಿಳಿದವರ ಬಾಯಿಂದ ನೆಲೆಗೊಂಡಿದ್ದೇವೆಂಬ ಮಾತು ಹೊರಟಿತು; ಅದನ್ನು ಹೊರಡಿಸಿದ್ದು ಮೇಲಿನವರ ಒತ್ತಾಯ.

ಇದನ್ನು ಯೋಚಿಸುವಾಗ ಕುರುಕ್ಷೇತ್ರದ ದ್ರೋಣನ ಪ್ರಸಂಗ ನೆನಪಿಗೆ ಬಾರದಿರದು. ಮಗ ಸತ್ತನೆಂಬ ಸುದ್ದಿಯನ್ನು ಯಾರು ಹೇಳಿದರೂ ನಂಬದ ದ್ರೋಣರು ಧರ್ಮರಾಯನನ್ನು ಕೇಳುತ್ತಾರೆ, ಏಕೆಂದರೆ ಅವನು ಸುಳ್ಳಾಡನೆಂಬ ವಿಶ್ವಾಸ. ಕೃಷ್ಣನ ಒತ್ತಾಯಕ್ಕೆ ಮಣಿದ ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಕೆಳದನಿಯಲ್ಲಿ ಹೇಳುತ್ತಾನೆ. ಆ ಕಡೆಯ ಮಾತು ಶಂಖದ ಧ್ವನಿಯಲ್ಲಿ ಮುಳುಗಿಹೋಯಿತೆಂದು ಕಥೆ ಹೇಳುವವರು ಸೇರಿಸುವುದುಂಟು. ಅಕ್ಷರಶಃ ನೋಡಿದರೆ ಧರ್ಮರಾಯ ಸುಳ್ಳಾಡಲಿಲ್ಲ. ಆದರೂ ಅಂದಿನವರೆಗೆ ನೆಲ ಮುಟ್ಟದಿದ್ದ ಅವನ ರಥ ನೆಲಕ್ಕಿಳಿಯಿತೆಂದು ನಮ್ಮ ಹಿರಿಯರು ಹೇಳಿದರು. ಸತ್ಯದ ಅಳತೆ ನಾನು ಏನನ್ನು ಉಚ್ಚರಿಸಿದೆ ಎಂಬುದರಲ್ಲಿಲ್ಲ. ನನ್ನನ್ನು ನಂಬಿ ಕೇಳಿದವರಿಗೆ ಏನು ತಲುಪಿತು ಎಂಬುದರಲ್ಲಿದೆ ಎಂದು ಅವರು ತೀರ್ಮಾನಿಸಿದಂತಿದೆ. ನಿಯಂತ್ರಣ ಗೋಪುರದಲ್ಲಿ ಕುಳಿತವರೂ ದ್ರೋಣರಂತೆಯೇ ವಿಶ್ವಾಸದಿಂದ ಪ್ರಶ್ನೆ ಕೇಳುವವರು. ಆಕಾಶದಲ್ಲಿರುವವರು ಹೇಳಿದ್ದನ್ನೇ ಅವರು ನೆಲವೆಂದು ನಂಬಿ ನಿಲ್ಲಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಇವೆಲ್ಲ ಯಂತ್ರದ ಮತ್ತು ತರಬೇತಿಯ ವಿಷಯಗಳು, ಇವುಗಳಲ್ಲಿ ಧರ್ಮಾಧರ್ಮದ ವಿಚಾರವೇಕೆ? ಟೆನೆರಿಫೆಯಲ್ಲಿ ಎರಡು ಮಾತುಗಳು ಒಂದರ ಮೇಲೊಂದು ಬಿದ್ದದ್ದು ಯಾರ ಪಾಪವೂ ಅಲ್ಲ. ಇದನ್ನು ಒಪ್ಪಲೇಬೇಕು. ಆದರೆ ಕೀರಲು ಶಬ್ದದ ನಂತರವೂ ಕೆಲವು ಕ್ಷಣಗಳಿದ್ದವು. ಡಚ್ ವಿಮಾನದ ಎಂಜಿನಿಯರ್, ಆ ಇನ್ನೊಂದು ವಿಮಾನ ರನ್‌ವೇಯಿಂದ ಹೊರಗೆ ಹೋಗಿಲ್ಲವೇ ಎಂದು ಕೇಳಿದರು. ಆ ಸಂಸ್ಥೆಯಲ್ಲಿ ಬಹು ಹಿರಿಯರಾಗಿದ್ದ ಮುಖ್ಯ ಪೈಲಟ್, ಹೋಗಿದೆ ಎಂದು ಒತ್ತಿ ಹೇಳಿದರು. ಕಿರಿಯರ ಸಂಶಯ ಅಲ್ಲಿಗೆ ಅಡಗಿತು. ಶಬ್ದ ಕೆಟ್ಟದ್ದು ಆಕಸ್ಮಿಕ. ಸಂಶಯಕ್ಕೆ ಕಿವಿಗೊಡದಿದ್ದುದು ಆಕಸ್ಮಿಕವಲ್ಲ. ಯಂತ್ರದ ವಿಷಯ ಮುಗಿದು ಧರ್ಮದ ವಿಷಯ ಆರಂಭವಾಗುವುದು ಆ ಜಾಗದಲ್ಲಿ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹಿರಿಯರ ಮಾತಿಗೆ ಕಿರಿಯರು ಅಡ್ಡಿ ಹೇಳುತ್ತ ಹೋದರೆ ಮನೆಯಾಗಲಿ ಶಾಲೆಯಾಗಲಿ ವಿಮಾನವಾಗಲಿ ನಡೆಯುವುದು ಹೇಗೆ? ನಮ್ಮ ಸಮಾಜ ನಿಂತಿರುವುದೇ ಹಿರಿಯರ ಮೇಲಿನ ಗೌರವದ ಮೇಲೆ. ನಾನೂ ಆ ಗೌರವದಲ್ಲಿಯೇ ಬೆಳೆದವನು, ಅದನ್ನೇ ಮಕ್ಕಳಿಗೆ ಕಲಿಸಿದವನು. ಆದರೆ ಎದುರುತ್ತರಕ್ಕೂ ಮರುನುಡಿಗೂ ವ್ಯತ್ಯಾಸವಿದೆ. ಎದುರುತ್ತರವು ಹಿರಿಯರ ಅಧಿಕಾರವನ್ನು ಪ್ರಶ್ನಿಸುತ್ತದೆ. ಮರುನುಡಿಯು ಹಿರಿಯರ ಕಣ್ಣಿಗೆ ಬೀಳದುದನ್ನು ಅವರ ಮುಂದಿಡುತ್ತದೆ. ವಿಮಾನದಲ್ಲಿ ಕಡೆಯ ನಿರ್ಧಾರ ಇಂದಿಗೂ ಮುಖ್ಯ ಪೈಲಟ್‌ನದೇ. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ನಡೆಸಿದ ಕಾರ್ಯಾಗಾರದಿಂದ ಬೆಳೆದುಬಂದ ತರಬೇತಿಯು ಆ ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ. ಕಿರಿಯರಿಗೆ ಸ್ಪಷ್ಟವಾಗಿ ಹೇಳುವುದನ್ನೂ ಹಿರಿಯರಿಗೆ ಅದನ್ನು ಕೇಳುವುದನ್ನೂ ಕಲಿಸಿತು, ಅಷ್ಟೆ.

ಕಿರಿಯರು ತೀರ ಮೆತ್ತಗೆ ಹೇಳುವುದೂ ಅಪಾಯ. 1990ರ ಜನವರಿ 25ರಂದು ಕೊಲಂಬಿಯಾದ ಆವಿಯಾಂಕ ವಿಮಾನವು ನ್ಯೂಯಾರ್ಕಿನ ಬಳಿ ಇಂಧನ ಮುಗಿದು ಬಿದ್ದು 73 ಮಂದಿ ಸತ್ತರು. ಅದರ ಸಿಬ್ಬಂದಿ ಆದ್ಯತೆ ಬೇಕೆಂದು ಕೇಳಿದ್ದರು, ಇಂಧನ ಮುಗಿಯುತ್ತಿದೆಯೆಂದೂ ಹೇಳಿದ್ದರು. ತುರ್ತುಸ್ಥಿತಿ ಎಂಬ ಪದವನ್ನು ಮಾತ್ರ ಆಡಲಿಲ್ಲ. ದಾಕ್ಷಿಣ್ಯದ ಮಾತು ಅಪಾಯದ ಗಾತ್ರವನ್ನು ಕುಗ್ಗಿಸಿ ತೋರಿಸಿತು.

ಹಾಗಾದರೆ ಮಂಗಳೂರಿನ ಸಹಪೈಲಟ್ ತಾನೇ ಹಿಡಿತ ತೆಗೆದುಕೊಂಡು ವಿಮಾನವನ್ನು ಮೇಲೇರಿಸಬೇಕಿತ್ತೇ? ಹಾಗೆ ಮಾಡಲಿಲ್ಲವೆಂಬುದನ್ನು ತನಿಖೆ ಗುರುತಿಸಿದೆ. ನಿಯಮದ ದೃಷ್ಟಿಯಿಂದ ಅದು ಸರಿ. ಆದರೆ ಕೆಲವೇ ಕ್ಷಣಗಳಲ್ಲಿ, ತನಗಿಂತ ಅನುಭವಿಯಾದವರ ಪಕ್ಕದಲ್ಲಿ ಕುಳಿತು, ಮೂರು ಬಾರಿ ಹೇಳಿದವರ ಮೇಲೆ ನೆಲದಲ್ಲಿ ಸುಖವಾಗಿ ಕುಳಿತ ನಾವು ತೀರ್ಪು ಹೊರಡಿಸುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಹೊಣೆಯ ಭಾರವು ಅಧಿಕಾರದೊಡನೆ ಏರುತ್ತ ಹೋಗುತ್ತದೆ. ಮಾತು ತಲುಪದಾಗ ಹೇಳಿದವರಿಗೂ ಕೇಳಿದವರಿಗೂ ಪಾಲಿದೆ; ಆದರೆ ಇಬ್ಬರಲ್ಲಿ ಯಾರ ಮಾತಿಗೆ ಹೆಚ್ಚು ಬಲವಿದೆಯೋ ಅವರ ಪಾಲು ಹೆಚ್ಚು. ಕಿರಿಯರು ಧೈರ್ಯದಿಂದ ಹೇಳಬೇಕೆಂದು ಉಪದೇಶಿಸುವ ಮೊದಲು, ನಮ್ಮೆದುರು ಹೇಳಲು ಅವರಿಗೇಕೆ ಧೈರ್ಯ ಬೇಕಾಗಿದೆ ಎಂದು ಹಿರಿಯರು ಕೇಳಿಕೊಳ್ಳಬೇಕು.

ಹತ್ತಿರದವರ ನಡುವೆ ಮಾತು ಕೆಡುವುದಿಲ್ಲವೆಂಬುದೂ ಭ್ರಮೆ. 2022ರ ಜನವರಿಯಲ್ಲಿ ಬೆಂಗಳೂರು ನಿಲ್ದಾಣದಿಂದ ಇಂಡಿಗೊ ಸಂಸ್ಥೆಯ ಎರಡು ವಿಮಾನಗಳು, ಒಂದು ಕೋಲ್ಕತ್ತಕ್ಕೆ, ಮತ್ತೊಂದು ಭುವನೇಶ್ವರಕ್ಕೆ, ಅಕ್ಕಪಕ್ಕದ ಎರಡು ರನ್‌ವೇಗಳಿಂದ ಸರಿಸುಮಾರು ಒಂದೇ ಹೊತ್ತಿಗೆ ಏರಿ ಒಂದನ್ನೊಂದು ಸಮೀಪಿಸಿದವು. ಒಂದೇ ರನ್‌ವೇಯನ್ನು ಬಳಸುವ ನಿರ್ಧಾರ ಆಗಿದ್ದರೂ ಅದು ದಕ್ಷಿಣದ ರನ್‌ವೇ ನೋಡಿಕೊಳ್ಳುತ್ತಿದ್ದ ನಿಯಂತ್ರಕರಿಗೆ ತಲುಪಿರಲಿಲ್ಲ. ರಾಡಾರ್ ನೋಡುತ್ತಿದ್ದ ನಿಯಂತ್ರಕರೊಬ್ಬರು ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದುದರಿಂದ ಯಾರಿಗೂ ಏನೂ ಆಗಲಿಲ್ಲ. ಒಂದೇ ಕೆಲಸದಲ್ಲಿ ಜೊತೆಯಲ್ಲಿದ್ದವರ ನಡುವೆಯೇ ಮಾತು ಹೀಗೆ ನಿಂತುಹೋಯಿತು. ಅವರಿಗೆ ಹೇಗೂ ಗೊತ್ತಿರುತ್ತದೆ ಎಂಬ ಭಾವನೆ ಮನೆಮನೆಗಳಲ್ಲಿಯೂ ಇಂತಹುದೇ ಕೆಲಸ ಮಾಡುತ್ತದೆ.

ನಮಗೆ ಹತ್ತಿರದ ವಿಮಾನ ನಿಲ್ದಾಣ ಮಧುರೆಯದು. ನಮ್ಮಲ್ಲಿ ಅನೇಕರು ವಿಮಾನವನ್ನು ತಲೆಯೆತ್ತಿ ನೋಡಿದ್ದೇ ಹೆಚ್ಚು. ಆದರೆ ಮರುನುಡಿಯ ನಿಯಮಕ್ಕೆ ವಿಮಾನವೇ ಬೇಕೆಂದಿಲ್ಲ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಆಳಿಗೆ ಇಷ್ಟು ನೀರಿಗೆ ಇಷ್ಟು ಎಂದು ಹೇಳುತ್ತೇವೆ, ಆತ ಸರಿಯೆನ್ನುತ್ತಾನೆ. ಮುಲ್ಲೈಪೆರಿಯಾರ್ ನೀರಿನ ಸರದಿ ಬದಲಾದುದನ್ನು ಕೆಳಗಿನ ಗದ್ದೆಯವರಿಗೆ ಫೋನಿನಲ್ಲಿ ತಿಳಿಸುತ್ತೇವೆ. ಅವರು ಹೂಂ ಎನ್ನುತ್ತಾರೆ. ಬೆಳಿಗ್ಗೆ ಅರ್ಧ ಮಾತ್ರೆ, ರಾತ್ರಿ ಒಂದು ಎಂದು ವೈದ್ಯರು ತಮಿಳಿನಲ್ಲಿ ಹೇಳುತ್ತಾರೆ. ನಮ್ಮ ಮನೆಯ ಮುದುಕಿ ಮರ್ಯಾದೆಯಿಂದ ತಲೆಯಾಡಿಸುತ್ತಾಳೆ. ಅರ್ಥವಾಯಿತೇ ಎಂದು ಉಪಾಧ್ಯಾಯರು ಕೇಳಿದರೆ ಇಡೀ ತರಗತಿ ಒಂದೇ ಕೊರಳಿನಿಂದ ಆಯಿತು ಸಾರ್ ಎನ್ನುತ್ತದೆ. ಬಹುಕಾಲ ಪಾಠ ಹೇಳಿದ ಯಾರಿಗೂ ಆ ಒಕ್ಕೊರಲಿನ ಬೆಲೆ ಎಷ್ಟೆಂದು ತಿಳಿದಿರುತ್ತದೆ. ಅರ್ಥವಾಯಿತೇ ಎಂಬ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಗೌರವದ್ದು. ಈಗ ನೀನು ನಿನ್ನ ಮಾತಿನಲ್ಲಿ ಹೇಳು ಎಂದಾಗ ಬರುವ ಉತ್ತರ ತಿಳಿವಿನದು.

ಆದ್ದರಿಂದ ಸಂಘದ ಕುಟುಂಬಗಳಲ್ಲಿ ನನ್ನ ಕೋರಿಕೆ ಇಷ್ಟೇ. ಮುಖ್ಯವಾದ ಮಾತೊಂದನ್ನು ಹೇಳಿದ ಮೇಲೆ ಹೂಂ ಎಂಬುದಕ್ಕೆ ತೃಪ್ತರಾಗದೆ, ನಾನು ಹೇಳಿದ್ದನ್ನು ಒಮ್ಮೆ ಹೇಳು ಎಂದು ಪ್ರೀತಿಯಿಂದ ಕೇಳೋಣ. ಇದು ಅಪನಂಬಿಕೆಯಲ್ಲ, ನನ್ನ ಮಾತೂ ತಪ್ಪಿರಬಹುದೆಂಬ ವಿನಯ ಅದರಲ್ಲಿದೆ. ಕೇಳಿಸದಿದ್ದರೆ ಕೇಳಿಸಲಿಲ್ಲವೆಂದೂ, ತಿಳಿಯದಿದ್ದರೆ ತಿಳಿಯಲಿಲ್ಲವೆಂದೂ ಹೇಳಲು ಮಕ್ಕಳಿಗೆ ಕಲಿಸೋಣ; ಹಾಗೆ ಹೇಳಿದ ದಿನ ಅವರನ್ನು ಗದರಿಸದಿರೋಣ. ಮಗುವೋ ಸೊಸೆಯೋ ಆಳೋ, ‘ಇದು ಸರಿಕಾಣುತ್ತಿಲ್ಲ’ ಎಂದು ಮೊದಲ ಬಾರಿ ಮೆಲುದನಿಯಲ್ಲಿ ಹೇಳಿದಾಗಲೇ ಕೈಯಲ್ಲಿರುವ ಕೆಲಸವನ್ನು ನಿಲ್ಲಿಸಿ ಕೇಳೋಣ. ಮೂರನೆಯ ಬಾರಿ ಹೇಳುವಷ್ಟು ಸಮಯ ಎಲ್ಲರಿಗೂ ದೊರೆಯುವುದಿಲ್ಲ.